ಹಿನ್ನೆಲೆ ಸದ್ದು

ಸದ್ದಿಲ್ಲದ ಜಾಗದಲ್ಲಿ ಮೂರು ಸಲ ಕೆಮ್ಮಿಸಿ
ಎನ್ನುತ್ತದೆ ಫೋನು.
ಅದನ್ನು ಮಾಡಿದವನು ಯಾರೋ, ಒಳ್ಳೆಯವನೇ ಇರಬೇಕು,
ದಾವಣಗೆರೆಯ ಮಂಡಕ್ಕಿ ಭಟ್ಟಿ ಕಂಡವನಲ್ಲ.

ಇಲ್ಲಿ ಬೆಳಗಿನ ಮೂರಕ್ಕೇ ಒಲೆ ಹತ್ತುತ್ತದೆ.
ಕಾದ ಮರಳಿಗೆ ಅಕ್ಕಿ ಬಿದ್ದರೆ
ಸಾವಿರ ಬೆರಳು ಒಟ್ಟಿಗೇ ಚಿಟಿಕೆ ಹೊಡೆದಂತೆ,
ಜರಡಿ, ಸಲಿಕೆ, ಲಗೇಜು ಆಟೋ,
ಮೂಲೆಯಲ್ಲಿ ಯಾರದೋ ರೇಡಿಯೋ.
ಹೊಗೆಗೆ ಮಾತ್ರ ಸದ್ದಿಲ್ಲ.
ಅದಕ್ಕೇ ಏನೋ ಇಷ್ಟು ವರ್ಷ
ಯಾವ ರಿಪೋರ್ಟಿಗೂ ಅದು ಬಂದಿಲ್ಲ.

ನಾನು ಹಾಲಮ್ಮ, ಆಶಾ. ಗುಲಾಬಿ ಸೀರೆ,
ಕೈಯಲ್ಲಿ ಹೊಸ ಫೋನು, ಬೆನ್ನಿಗೆ ಇಲಾಖೆಯ ಸ್ಟಿಕ್ಕರು.
ಎರಡು ದಿನದ ತರಬೇತಿಯಲ್ಲಿ ಹೇಳಿಕೊಟ್ಟರು:
ಕೆಮ್ಮಿನಲ್ಲೂ ಜಾತಿಗಳಿವೆ,
ಒಣಗಿದ್ದು, ಕಫ ಕಟ್ಟಿದ್ದು, ಕೊನೆಗೆ ಶಿಳ್ಳೆ ಹೊಡೆಯುವಂಥದ್ದು,
ಫೋನು ಬರೀ ಕೇಳಿಸಿಕೊಂಡೇ ಗುರುತು ಹಿಡಿಯುತ್ತದೆ.
ಊಟಕ್ಕೆ ಪಲಾವಿತ್ತು.

ದಸ್ತಗೀರ್ ಸಾಬರು ಕೆಮ್ಮುವವರು,
ಕೆಮ್ಮು ಎಂದು ಒಪ್ಪುವವರಲ್ಲ.
"ಧೂಳೈತಿ ಗಂಟಲಾಗೆ, ಅಷ್ಟೇ."
ಮೂವತ್ತೊಂದು ವರ್ಷದ ಧೂಳು.

ಭಟ್ಟಿಯೊಳಗೆ ಕೆಮ್ಮಿದರು.
ಹಿನ್ನೆಲೆ ಸದ್ದು ಹೆಚ್ಚಿದೆ, ಮತ್ತೆ ಪ್ರಯತ್ನಿಸಿ.
ಓಣಿಗೆ ಬಂದೆವು. ನೀರಿನ ಟ್ಯಾಂಕರು.
ಮತ್ತೆ ಪ್ರಯತ್ನಿಸಿ.
ಮಾಳಿಗೆ ಹತ್ತಿದೆವು. ಪಕ್ಕದ ಮನೆಯ ಹುಡುಗನ ಪಾರಿವಾಳಗಳು
ಕೆಮ್ಮಿಗೆ ಬೆದರಿ ಒಮ್ಮೆಲೇ ಎದ್ದವು.
ಮತ್ತೆ.
ಕೆಮ್ಮಿ ಕೆಮ್ಮಿ ಅವರಿಗೆ ನಿಜವಾಗಿಯೂ ಕೆಮ್ಮು ಬಂತು,
ಕೂತುಬಿಟ್ಟರು. ನನಗೆ ಫೋನನ್ನು ಎಸೆಯಬೇಕೆನಿಸಿತು.

ಆಗ ಮಾಬುನ್ನಿ, ಅವರ ಹೆಂಡತಿ, ಏನೂ ಅನ್ನದೆ
ಗೋದಾಮಿನ ಬಾಗಿಲು ತೆರೆದಳು.
ಸೂರಿನ ತನಕ ಮಂಡಕ್ಕಿ ಚೀಲ.
ನಡುವೆ ಒಬ್ಬರು ನಿಲ್ಲುವಷ್ಟು ಸಂದು.
ಒಳಗೆ ಹೋದರೆ ಊರೇ ಇಲ್ಲ,
ಸದ್ದನ್ನೆಲ್ಲ ಚೀಲಗಳು ಕುಡಿದುಬಿಟ್ಟಿವೆ.
ಒಂದು ಸೇರು ಮಂಡಕ್ಕಿಯಲ್ಲಿ ಮುಕ್ಕಾಲು ಪಾಲು ಗಾಳಿ.
ಯಾರ ಎದೆಯ ಗಾಳಿ ಅಂತ ಕೊಂಡವರು ಕೇಳುವುದಿಲ್ಲ.
ಈರುಳ್ಳಿ, ಖಾರ, ಬದಿಗೊಂದು ಮೆಣಸಿನಕಾಯಿ ಬಜ್ಜಿ,
ನಾನೂ ಕೇಳಿದವಳಲ್ಲ.
ಅಲ್ಲಿ ನಿಂತು, ಚೀಲಕ್ಕೆ ಅಂಗೈ ಊರಿ, ಮೂರು ಸಲ.
ಹಸಿರು ಗೆರೆಯೊಂದು ಗುಡ್ಡ ಹತ್ತಿ ಇಳಿಯಿತು.
ಸ್ವೀಕರಿಸಲಾಗಿದೆ.

ಆಮೇಲೆ ಪ್ರಶ್ನೆ. ರಾತ್ರಿ ಕೆಮ್ಮು ಇದೆಯೇ?
ಹೌದು ಒಂದು ಚೌಕ, ಇಲ್ಲ ಒಂದು ಚೌಕ.
"ಇಲ್ಲ" ಅಂದರು ಸಾಬರು.
ನಾನು ಮಾಬುನ್ನಿಯ ಮುಖ ನೋಡಿದೆ.
"ಐತಿ ಬರಕೊಳ್ಳಕ್ಕ. ಕೆಮ್ಮಿದ ರಾತ್ರಿ ನಾನು ನಿದ್ದಿ ಮಾಡ್ತೀನಿ.
ಕೆಮ್ಮದಿದ್ರೇನೇ ಎದ್ದು ನೋಡೋದು."
ಹೌದು ಒತ್ತಿದೆ.
ಉಳಿದ ಮಾತಿಗೆ ಚೌಕ ಇರಲಿಲ್ಲ.

ಸಂಜೆಯೊಳಗೆ ಉತ್ತರ ಬಂತು,
ನಾನೆಂದೂ ನೋಡದ ಡಾಕ್ಟರಮ್ಮನಿಂದ:
ಗುರುವಾರ ಜಿಲ್ಲಾಸ್ಪತ್ರೆ, ಎಕ್ಸ್‌ರೇ,
ನಂಬರು ಫೋನಿನಲ್ಲೇ ಇದೆ, ಸಾಲಿನಲ್ಲಿ ನಿಲ್ಲಬೇಕಿಲ್ಲ.
ಸಾಲಿನಲ್ಲೇ ನಿಂತೆವು.
ಆದರೆ ಹೋದೆವು. ಒಂದು ದಿನದ ಕೂಲಿ ಬಿಟ್ಟು
ಈ ಮನುಷ್ಯ ಮದುವೆಗೆ ಬಿಟ್ಟರೆ ಎಲ್ಲಿಗೂ ಹೋದವರಲ್ಲ.
ಸೇದುವ ಪಂಪು ಕೊಟ್ಟರು.
ಮಾಲೀಕನಿಗೆ ಫೋನಿನಲ್ಲಿದ್ದ ಕಾಗದ ತೋರಿಸಿದೆ;
ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿ
"ಒಲಿ ಕಡೆ ಬ್ಯಾಡ, ಚೀಲ ಹೊಲೀಲಿ" ಅಂದ.
ಕೂಲಿ ಮೂವತ್ತು ರೂಪಾಯಿ ಕಮ್ಮಿ.

ಮುಂದಿನ ತಿಂಗಳು ಅದೇ ಗೋದಾಮು, ಅದೇ ಸಂದು.
ಸಾಬರು ಎದೆ ಸೆಟೆಸಿ, ಗಂಟಲು ಕೆರೆದು ಏನೋ ಮಾಡಿದರು.
ಕೆಮ್ಮು ಪತ್ತೆಯಾಗಿಲ್ಲ, ಎಂದಿತು ಫೋನು.
ಮತ್ತೆ ಪ್ರಯತ್ನಿಸಿ.
ಮಾಬುನ್ನಿ ಸೆರಗು ಬಾಯಿಗೆ ಒತ್ತಿ ನಕ್ಕಳು,
ಚೀಲಗಳು ಕುಡಿದರೂ ಉಳಿಯುವಷ್ಟು ನಕ್ಕಳು.
ಕಣ್ಣಿನ ಕೆಳಗೆ ಕಪ್ಪು ಕಂಡು
"ನಿದ್ದಿ?" ಅಂದೆ.

"ಎಲ್ಲಿ ನಿದ್ದಿ ಬಿಡಕ್ಕಾ,
ಈಗ ರಾತ್ರಿಯೆಲ್ಲಾ ಎದ್ದೆದ್ದು ನೋಡೋದೇ ಆಗೇತಿ."