ಬಲಗಣ್ಣಿಗೆ ಸುಣ್ಣ

ಮೂರನೇ ಸಲ ಕೆಂಪಾದಾಗ
ಸೂಪರ್‌ವೈಸರ್ ದೂರದಿಂದಲೇ ಕೈ ಆಡಿಸಿದ:
ಮದ್ರಾಸ್ ಐ, ಮನೆಗೆ ಹೋಗು, ಲೈನಿಗೆಲ್ಲ ಹಬ್ಬಿಸಬೇಡ.
ಸಂಬಳ ಕಟ್ ಎಂದು ಹೇಳಲಿಲ್ಲ,
ಹೇಳಬೇಕಾಗಿಯೂ ಇರಲಿಲ್ಲ.

ಬೊಮ್ಮನಹಳ್ಳಿಯ ಬಿಸಿಲು ಅವತ್ತು
ತಗಡಿನ ಮೇಲೆ ಚೆಲ್ಲಿದ ಸೂಜಿ ಡಬ್ಬಿ.
ಎಡಗಣ್ಣು ತಣ್ಣಗೆ ಬಸ್ಸಿನ ಬೋರ್ಡು ಓದುತ್ತಿತ್ತು,
ಬಲಗಣ್ಣು ವೇಲಿನೊಳಗೆ ಸುರಿಯುತ್ತಿತ್ತು.
ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ:
ಗಾದೆ ಕಟ್ಟಿದವರು ನನ್ನ ಮುಖ ನೋಡಿರಬೇಕು.

ಓನರ್ ಹೆಂಡತಿ ನಂದಿಬಟ್ಟಲು ಕೊಟ್ಟಳು.
ಒದ್ದೆ ಹೂವನ್ನು ರೆಪ್ಪೆಯ ಮೇಲಿಟ್ಟು ಅಂಗಾತ ಮಲಗಿದೆ.
ಹೂವು ಕಾದಿತು. ಬೆನ್ನು ನೊಂದಿತು.
ಬೆನ್ನಿನ ಸುದ್ದಿ ಯಾರಿಗೂ ಹೇಳಿರಲಿಲ್ಲ.
ಹನ್ನೊಂದು ವರ್ಷ ನಿಂತೇ ಮಾಡಿದ ಕೆಲಸ,
ಯಾರ ಬೆನ್ನು ನೋಯುವುದಿಲ್ಲ?

ಮಿಂಟೋ ಆಸ್ಪತ್ರೆ. ಚೀಟಿ ನಂಬರು ನೂರ ನಲವತ್ತೆರಡು.
ಡಾಕ್ಟರು ಚಿಕ್ಕ ಹುಡುಗಿ, ಉಗುರ ತುದಿಯಲ್ಲಿ
ಮಾಸಿದ ಮೆಹಂದಿ.
ಗದ್ದ ಇಲ್ಲಿಡಿ, ಹಣೆ ಒತ್ತಿ, ರೆಪ್ಪೆ ಆಡಿಸಬೇಡಿ.
ಬೆಳಕಿನ ಒಂದು ಸೀಳು ಕಣ್ಣೊಳಗೆ ಹೊಕ್ಕು
ಮೂಲೆಮೂಲೆ ಓಡಾಡಿ ಹೊರಬಂತು.
ಆಮೇಲೆ ಕೇಳಿದಳು:
ಬೆಳಿಗ್ಗೆ ಎದ್ದಾಗ ಸೊಂಟ ಬಿಗಿಯುತ್ತಾ, ಸಿದ್ದಗಂಗಮ್ಮ?

ನಕ್ಕೆ ಅನ್ನಿಸುತ್ತೆ.
ಕಣ್ಣಿನ ಡಾಕ್ಟರಿಗೆ ಸೊಂಟವೇಕೆ?
ಅವಳು ಬಿಡಲಿಲ್ಲ. ಎಷ್ಟು ಹೊತ್ತು ಬಿಗಿ?
ಓಡಾಡಿದರೆ ಸಡಿಲ ಆಗುತ್ತಾ? ರಾತ್ರಿ ಮೂರಕ್ಕೆ ಎಚ್ಚರ?
ಹಿಮ್ಮಡಿ?
ನನ್ನ ಮನೆಯ ಗೋಡೆಯಾಚೆ ಕೂತು
ವರ್ಷಗಟ್ಟಲೆ ಕೇಳಿಸಿಕೊಂಡವಳ ಹಾಗೆ.

ನಾನು ಚೆಕ್ಕರ್.
ದಿನಕ್ಕೆ ಎಂಟುನೂರು ಅಂಗಿ ಈ ಕೈ ದಾಟುತ್ತವೆ.
ಕಾಲರ್ ತುಸು ಎಡಕ್ಕೆ ವಾಲಿದ್ದರೆ
ಹೊಸ ಹುಡುಗಿಯರು ಕಾಲರ್ ಹೊಲಿದವಳನ್ನು ಬೈಯುತ್ತಾರೆ.
ನಾನು ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ
ಮೆಟ್ಟಿಲಿಳಿದು ಕಟಿಂಗ್ ಟೇಬಲ್ಲಿಗೆ ಹೋಗುತ್ತೇನೆ.
ಅಲ್ಲಿ, ನೂರು ಪದರ ಬಟ್ಟೆಯ ಅಡಿಯಲ್ಲಿ,
ಯಾವಾಗಲೋ ಜಾರಿದ ಒಂದು ಅಂಚು.

ನನ್ನ ಕಣ್ಣಿಗೂ ಬಾಣ ಅಂಟಿಸಿದ್ದರು ಯಾರೋ.
ಮೂರು ಸಲ.
ನಾನೇ ತೊಳೆದುಬಿಟ್ಟಿದ್ದೆ,
ಮೆಡಿಕಲ್ ಶಾಪಿನ ಇಪ್ಪತ್ತು ರೂಪಾಯಿ ಡ್ರಾಪ್ಸಿನಲ್ಲಿ.

ರಕ್ತ ಕೊಟ್ಟೆ. ಪಕ್ಕದ ವಿಕ್ಟೋರಿಯಾದಲ್ಲಿ ಸೊಂಟದ ಎಕ್ಸ್‌ರೇ.
ಕಾಯಿಲೆಯ ಹೆಸರನ್ನು ಮಗಳು
ಎರಡು ಸಲ ತಡವರಿಸಿ ಓದಿದಳು.
ಹೋಗುವುದಿಲ್ಲವಂತೆ, ಹಿಡಿತದಲ್ಲಿಡಬಹುದಂತೆ.
ಹಾಲಿನಂಥ ಡ್ರಾಪ್ಸು, ಕುಲುಕಿ, ಗಂಟೆಗೊಮ್ಮೆ.
ಪಾಪೆ ಹಿಗ್ಗಿ, ಸಿಗ್ನಲ್ಲಿನ ದೀಪಗಳೆಲ್ಲ
ಒದ್ದೆ ಬಟ್ಟೆಯ ಮೇಲೆ ಬಿಟ್ಟ ಬಣ್ಣ.
ಬೆಳಿಗ್ಗೆ ಐದಕ್ಕೆ, ನೀರು ಬರುವ ಮೊದಲು,
ಚಾಪೆಯ ಮೇಲೆ ನಾನು ಬೆನ್ನನ್ನು
ಒಂದೊಂದೇ ಗುಂಡಿಯಾಗಿ ಬಿಚ್ಚುತ್ತೇನೆ.

ಇದು ಹಬ್ಬುವುದಿಲ್ಲ ಎಂದು ಬರೆದ ಚೀಟಿಯನ್ನು
ಸೂಪರ್‌ವೈಸರ್ ಎರಡೇ ಬೆರಳಲ್ಲಿ ಹಿಡಿದು ಓದಿದ.
ಗಂಟೆಗೊಮ್ಮೆ ಐದು ನಿಮಿಷ ಓಡಾಡಬೇಕು ಸಾರ್, ಎಂದೆ.
ಅವನು ಬಲಗಣ್ಣನ್ನೇ ನೋಡುತ್ತಾ,
ಕಣ್ಣಿಗಾ? ಎಂದ.

ಬೆನ್ನಿಗೆ, ಎಂದೆ.