ಕಚ್ಚೆಗೆ ಜಿಪ್ಪು

ಗುಡಿ ಪಾಡವಾಕ್ಕೆ ಇನ್ನು ಆರೇ ದಿನ.
ನಾರಾಯಣ ಪೇಠೆಯ ಈ ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ
ನಲವತ್ತೊಂದು ಸೀರೆಗಳು ಸರದಿ ನಿಂತಿವೆ,
ಒಂದೊಂದರ ಕೊರಳಿಗೂ ಚೀಟಿ:
ಸೊಂಟ ಇಪ್ಪತ್ತೆಂಟು. ಸೊಂಟ ಮೂವತ್ತಾರು.
ಎಲಾಸ್ಟಿಕ್ ಸಡಿಲ ಇರಲಿ, ಮೋಟರ್ ಸೈಕಲ್ ಹೊಡೀಬೇಕು.

ಹೊಲಿದ ಸೀರೆ. ಹೌದು, ನನ್ನದೇ ಕಸುಬು.
ಪ್ಯಾಂಟಿನ ಹಾಗೆ ಕಾಲು ತೂರಿಸು, ಜಿಪ್ಪೆಳಿ,
ಎರಡು ನಿಮಿಷಕ್ಕೆ ಪೇಶ್ವೆಯವರ ಸೊಸೆ.
ರಬಕವಿಯ ನನ್ನ ಅಜ್ಜಿ ಇದನ್ನು ಕಂಡಿದ್ದರೆ
ನಕ್ಕ ರಭಸಕ್ಕೆ ಅವಳ ಕಚ್ಚೆಯೇ ಸಡಿಲುತ್ತಿತ್ತು.
ಅವಳದು ಹದಿನೆಂಟು ಮೊಳ. ಮೊಳವೆಂದರೆ ಅವಳದೇ ಮೊಳ,
ಮೊಣಕೈಯಿಂದ ನಡುಬೆರಳ ತುದಿ.
ಅಂಗಡಿಯವನ ಕೈ ಗಿಡ್ಡವೆಂದು ಜಗಳ ತೆಗೆದು
ತಾನೇ ಅಳೆದು ತರುತ್ತಿದ್ದಳು.

ನಿನ್ನೆ ಬಂದಳು ಸಾನಿಕಾ ಅಗಾಶೆ,
ಕರ್ವೆ ನಗರದಲ್ಲಿ ಫ್ಯಾಶನ್ ಡಿಸೈನ್ ಓದುವ ಹುಡುಗಿ.
ಬಗಲಲ್ಲಿ ಕೊಳವೆ, ಕೊಳವೆಯೊಳಗೆ ಚಿತ್ರ.
ಬಿಡಿಸಿದಳು. ಕಣ್ಣು ಮೂಗಿಲ್ಲದ ಹೆಂಗಸು,
ಕಾಲು ಮಾತ್ರ ಗುಡಿಯ ಗಳದಷ್ಟು ಉದ್ದ.
"ಯಾರವ್ವಾ ಇವಳು?" ಅಂದೆ.
"ನಮ್ಮಲ್ಲಿ ಹೀಗೇ ಬರೆಯೋದು ಕಾಕು,
ಒಂಬತ್ತು ತಲೆಯಷ್ಟು ಎತ್ತರ."
ಒಂಬತ್ತು ಗಜಕ್ಕೆ ಒಂಬತ್ತು ತಲೆ!
ಲೆಕ್ಕ ಕೂಡಿತು, ಹೆಂಗಸು ಕೂಡಲಿಲ್ಲ.

"ಎರಡು ಜೇಬು ಬೇಕು. ಹಿಂದೆ ಜಿಪ್ಪು.
ಸೆರಗು ಕತ್ತರಿಸಿ ಒಂದು ಜಾಕೀಟು."
ಆಮೇಲೆ ಚೀಲದಿಂದ ಬಟ್ಟೆ ತೆಗೆದಳು, ದನಿ ತಗ್ಗಿಸಿ:
"ಮುತ್ತಜ್ಜಿಯದು. ಅಮ್ಮನಿಗೆ ಹೇಳಿಲ್ಲ."

ಬದನೆ ಬಣ್ಣದ ರೇಷ್ಮೆ, ಕೆಂಪು ದಡಿ.
ಅವಳು ಹೋದ ಮೇಲೆ ಮೇಜಿನ ಮೇಲೆ ಹರಡಿದೆ,
ಮೇಜು ಸಾಲದೆ ಇರ್ಷಾದನ ಹೆಗಲಿಗೂ ಹಾಕಿದೆ,
ಅವನು ಸರಿಯುತ್ತಾ ಸರಿಯುತ್ತಾ ಬಾಗಿಲಾಚೆ ನಿಂತ.
ಬಟ್ಟೆಗಿರುವಷ್ಟು ಬಾಯಿ ಕಾಗದಕ್ಕಿಲ್ಲ:
ಇಲ್ಲಿ ಕೀಲಿಗೊಂಚಲು ಸಿಕ್ಕಿಸಿ ಬಿದ್ದ ತೂತು,
ಅದಕ್ಕೆ ರಫೂ, ಎಡಗೈಯವಳ ಹೊಲಿಗೆ.
ಇಲ್ಲಿ ಸೊಂಟದ ಗಂಟು, ಸವೆದು ಮಬ್ಬಾದ ಜಾಗ.
ನಾಲ್ಕು ಬೆರಳಾಚೆ ಇನ್ನೊಂದು ಗಂಟಿನ ಗುರುತು,
ಅದರಾಚೆ ಮತ್ತೊಂದು, ತೆಳ್ಳಗೆ.
ಬಸುರು ಬೆಳೆದ ಹಾಗೆ ಗಂಟು ಸರಿದಿದೆ,
ಹೆತ್ತ ಮೇಲೆ ವಾಪಸು ಬಂದಿದೆ.
ಯಾರ ಅಳತೆಯನ್ನೂ ಕೇಳದೆ
ಜಾಗ ಬಿಡುತ್ತಾ ಹೋದ ಬಟ್ಟೆ.
ಚೀಟಿ ನೋಡಿದೆ: ಸೊಂಟ ಇಪ್ಪತ್ತಾರು.

ಕತ್ತರಿ ಎತ್ತಿಕೊಂಡೆ. ಕೈ ನಡುಗಲಿಲ್ಲ;
ಮೂವತ್ತು ವರ್ಷ ಕತ್ತರಿಸಿಯೇ ಉಂಡವಳು.
ಆದರೂ ಕೆಳಗಿಟ್ಟೆ. "ಚಹಾ ತಾರೋ" ಅಂದೆ.
"ಇದನ್ನು ಹೊತ್ತುಕೊಂಡು ಹೇಗೆ ಹೋಗಲಿ?" ಅಂದ ಇರ್ಷಾದ್.

ರಾತ್ರಿ ಕೂತು ಹೊಲಿದೆ, ಕೈಯಲ್ಲೇ.
ಉದ್ದುದ್ದ ಟಾಕು, ಒಂದೇ ದಾರ, ನಡುವೆ ಗಂಟಿಲ್ಲ.
ನಿರಿಗೆ, ಕಚ್ಚೆ, ಒಳಗೆ ಮಸ್ಲಿನ್ನಿನ ಎರಡು ಜೇಬು,
ಜಿಪ್ಪಿನ ಬದಲು ಏಳು ಹುಕ್ಕು.
ಜಾಕೀಟು ಇಲ್ಲ. ಬೈಯುತ್ತಾಳೆ, ಬೈಯಲಿ.
ಅವಳ ಮಾರ್ಕು ನಾಲ್ಕು ಹೋದರೆ
ನನ್ನ ಕೂಲಿಯಲ್ಲಿ ಮುರಿದುಕೊಳ್ಳಲಿ.

ದಾರದ ತುದಿಯನ್ನು ಎಡ ಜೇಬಿನ ತಳಕ್ಕೆ ತಂದು
ಗುಲಗಂಜಿಯಷ್ಟು ಕೆಂಪು ಗಂಟು ಹಾಕಿದೆ.
ಅವಳಿಗೆ ಹೇಳುವುದಿಲ್ಲ.
ಎಂದಾದರೂ ಚಿಲ್ಲರೆ ತಡಕುವಾಗ
ಬೆರಳಿಗೆ ಸಿಕ್ಕೀತು. ಎಳೆದರೆ
ಕಾಲ ಸುತ್ತ ಕುಸಿದು ಬಿದ್ದೀತು
ಹದಿನೆಂಟು ಮೊಳ, ಅಂಚಿಂದಂಚಿಗೆ ಇಡಿಯಾಗಿ.

ರ‍್ಯಾಂಪಿನ ಮೇಲೆ ಮಾತ್ರ ಎಳೆಯದಿರಲಿ, ವಿಠ್ಠಲಾ.

ಮುಂದಿನದು ಯಾರದು? ಸೊಂಟ ನಲವತ್ತು.