ಕಾಲಿನ ಲೆಕ್ಕ

ಬನ್ನಿ ಮೇಜರ್. ಆ ಕುರ್ಚಿ ಬೇಡ, ಅದಕ್ಕೊಂದು ಕಾಲು ಗಿಡ್ಡ.
ಡಿವಿಷನ್ನಿನ ಇತಿಹಾಸ ಬರೆಯುತ್ತಿದ್ದೇನೆ ಅಂದಿರಿ ಫೋನಿನಲ್ಲಿ.
ಒಳ್ಳೆಯದು. ಬರೆಯಲೇಬೇಕು ಯಾರಾದರೂ.
ಭೂಪಟದ ಮೇಲೆ ನೀಲಿ ಬಾಣ ಎಳೆದಿದ್ದೀರಿ,
ಲಡೋಗದ ದಂಡೆ ಹಿಡಿದು ಸ್ವೀರ್ ನದಿಯವರೆಗೆ
ಒಂದೇ ಉಸಿರಿಗೆ ಹೋಗಿದೆ.
ನಾವು ಹೋದದ್ದು ಹಾಗಲ್ಲ.

ಪದಾತಿ ಅನ್ನುತ್ತದೆ ನಿಮ್ಮ ಪುಸ್ತಕ.
ನಾನು ಕಾಲಾಳು ಅನ್ನುವವನು:
ಕಾಲು ಮೊದಲು, ಆಳು ಆಮೇಲೆ.
ಹದಿನಾಲ್ಕು ಸಾವಿರ ಆಳು, ಮೂರು ಸಾವಿರ ಚಿಲ್ಲರೆ ಕುದುರೆ,
ಒಟ್ಟು ಕಾಲೆಷ್ಟು, ನೀವೇ ಗುಣಿಸಿ.
ನನ್ನ ಕೆಲಸವೇ ಅದು. ಬೆಳಗಾದರೆ ಗುಣಿಸುವುದು,
ಸಂಜೆಗೆ ಕಳೆಯುವುದು.

ಕುದುರೆಗಳೆಲ್ಲ ಸಾಲ ತಂದವು,
ರೈತರ ಕೊಟ್ಟಿಗೆಯಿಂದ, ಚೀಟಿ ಕೊಟ್ಟು.
ಗೊರಸಿನ ಮೇಲೆ ಸಂಖ್ಯೆ ಸುಟ್ಟು, ಪುಸ್ತಕದಲ್ಲಿ ಅದೇ ಸಂಖ್ಯೆ,
ಮುಂದೆ ಬಣ್ಣ, ಸುಳಿ, ಯಜಮಾನನ ಹೆಸರು, ಊರು.
ಆಳುಗಳ ಕೊರಳಲ್ಲೂ ತಗಡಿತ್ತು,
ಆ ಪುಸ್ತಕ ಇನ್ನೊಬ್ಬರ ಮೇಜಿನದು.
ಗೊರಸು ಬೆಳೆಯುತ್ತದೆ, ಮೇಜರ್. ಸಂಖ್ಯೆ ಇಳಿದಿಳಿದು
ಲಾಳದಂಚಿಗೆ ಬಂದು ಸವೆದುಹೋಗುತ್ತದೆ.
ವರ್ಷಕ್ಕೊಮ್ಮೆ ಮತ್ತೆ ಸುಡಬೇಕು.

ನಾಲ್ಕನೇ ಅಧ್ಯಾಯ ಓದಿದೆ. ಎರಡೂವರೆ ವರ್ಷಕ್ಕೆ ಒಂದೇ ಸಾಲು:
“ಈ ಅವಧಿಯಲ್ಲಿ ಡಿವಿಷನ್ ತನ್ನ ನೆಲೆಯನ್ನು ಕಾಯ್ದುಕೊಂಡಿತು.”
ಸುಳ್ಳಲ್ಲ. ಕಾಯ್ದುಕೊಂಡೆವು.
ಕಂದಕದ ಹಿಂದೆ ಆಲೂಗಡ್ಡೆ ನೆಟ್ಟೆವು.
ಬರ್ಚ್ ಮರದ ಗಂಟು ಕೆತ್ತಿ ಸಕ್ಕರೆ ಡಬ್ಬಿ ಮಾಡಿ ಮನೆಗೆ ಕಳಿಸಿದೆವು,
ಯಾರ ಮನೆಯಲ್ಲೂ ಸಕ್ಕರೆ ಇರಲಿಲ್ಲ.
ಎರಡನೇ ಬೆಟಾಲಿಯನ್ನಿನ ತಾವಿ ಹುಕ್ಕ ಪಿಟೀಲು ಮಾಡಿದ,
ಕಮಾನಿಗೆ ಬಾಲದ ಕೂದಲು ಕೇಳಿಕೊಂಡು ಬಂದ.
ಕೊಟ್ಟೆ. ಲೆಕ್ಕದಲ್ಲಿ ಬರೆಯಲಿಲ್ಲ.
ಆ ಜೂನಿನಲ್ಲಿ, ನಿಮ್ಮ ಬಾಣ ಹಿಂದಕ್ಕೆ ತಿರುಗುವಲ್ಲಿ,
ಕಮಾನು ಮಾತ್ರ ಸಿಕ್ಕಿತು.

ನವೆಂಬರಿನಲ್ಲಿ ವಿಸರ್ಜನೆ. ಒಂದು ಕಾಗದ, ಒಂದು ಮೊಹರು.
ಆಳುಗಳು ರೈಲು ಹತ್ತಿದರು.
ಉಳಿದ ಕುದುರೆಗಳನ್ನು ಚೀಟಿ ನೋಡಿ ಹಿಂತಿರುಗಿಸಿದೆವು,
ಒಂದನ್ನು ಬಿಟ್ಟು. ಕೆಂಗಂದು ಬಣ್ಣದ ಹೆಣ್ಣು, ಹೆಸರು ವಿಲ್ಕು,
ಯಜಮಾನಿ ಅನ್ನಿ ಪೂಸ.
ಊರಿನ ಹೆಸರು ಪುಸ್ತಕದಲ್ಲಿ ದುಂಡಗೆ ನನ್ನದೇ ಅಕ್ಷರದಲ್ಲಿತ್ತು.
ಊರು ಗಡಿಯಾಚೆಗೆ ಹೋಗಿತ್ತು.

ಹರಾಜು ಹಾಕು ಅಂದರು. ಹೂಂ ಅಂದೆ. ಹಾಕಲಿಲ್ಲ.
ಹತ್ತೊಂಬತ್ತು ದಿನ ನಡೆದೆ ಪಡುವಣಕ್ಕೆ,
ಹತ್ತಿ ಕೂರಲಿಲ್ಲ, ಅವಳಿಗೆ ಮುಂಗಾಲು ನೋವು.
ಯಾವ ಊರಿನ ಕೊಟ್ಟಿಗೆಯಲ್ಲಿ ಕಟ್ಟಿದರೂ
ಬೆಳಗ್ಗೆ ಎದ್ದು ನೋಡಿದರೆ
ಮೂಡಣಕ್ಕೆ ಮುಖ ತಿರುಗಿಸಿ ನಿಂತಿರುತ್ತಿದ್ದಳು.

ಹ್ಯಾಮೆಯಲ್ಲಿ, ಯಾರದೋ ಮನೆಯ ಸೌನಾ ಕೋಣೆಯಲ್ಲಿ,
ಇನ್ನೆರಡು ಸಂಸಾರಗಳ ನಡುವೆ ಸಿಕ್ಕಿದರು ಅನ್ನಿ ಪೂಸ.
ಅಳಲಿಲ್ಲ. ತುಟಿ ಎತ್ತಿ ಹಲ್ಲು ನೋಡಿದರು, ಗೊರಸು ಎತ್ತಿ
“ಯಾವನು ಹೊಡೆದ ಲಾಳ ಇದು? ಅವನ ಕೈಗಿಷ್ಟು!” ಅಂದರು.
ಆಮೇಲೆ, ಎಲ್ಲಿ ಕಟ್ಟುವುದೆಂದು, ಸುತ್ತ ನೋಡಿದರು.
ಸೇಬಿನ ಮರಕ್ಕೆ ಕಟ್ಟಿದೆವು. ಮನೆಯೊಡೆಯ
ಕಿಟಕಿಯಿಂದ ನೋಡುತ್ತಲೇ ಇದ್ದ.

ಬಾರ್ಲಿ ಹುರಿದ ಕಾಫಿ ಕೊಟ್ಟರು, ಸಹಿ ಹಾಕಿಕೊಟ್ಟರು.
ಒಪ್ಪಿಸೋಣವೆಂದರೆ ಡಿವಿಷನ್ ಎಲ್ಲಿದೆ?
ಇಗೋ, ಇದೇ ಆ ರಸೀದಿ. ಇಪ್ಪತ್ತೇಳು ವರ್ಷ ಈ ಡ್ರಾಯರಿನಲ್ಲಿತ್ತು.
ಬೇಕಿದ್ದರೆ ಕೊನೆಯ ಪುಟಕ್ಕೊಂದು ಅಡಿಟಿಪ್ಪಣಿ ಹಾಕಿ:
ವಿಸರ್ಜನೆಯಾದ ಮೇಲೂ ಹತ್ತೊಂಬತ್ತು ದಿನ ಡಿವಿಷನ್ ನಡೆಯಿತು,
ಆರು ಕಾಲು, ಅದರಲ್ಲೊಂದು ಕುಂಟು.
ಬಾಣ ಬೇಡ, ಮೇಜರ್.
ಚುಕ್ಕಿ ಸಾಲು ಸಾಕು.